ಬಾಣಂತನದ ಬಿಡುವಿನಲ್ಲಿ ಓಕಾನರ್ ಪತ್ರಗಳು

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋದವಳು ಯಾರದೋ ಹಳೆಯ ಕಾಗದ ಓದಿಕೊಂಡು ಬಂದಳು ಎಂದು ನಮ್ಮ ನೆಂಟರು ಈಗಲೂ ನಗುತ್ತಾರೆ. ನಗಲಿ. ಮಗುವಿಗೆ ಎಣ್ಣೆ ಹಚ್ಚಿ ನೀರೆರೆದು, ಮಗಳಿಗೆ ಮೆಣಸಿನ ಸಾರು ಮಾಡಿಟ್ಟು, ಉಳಿದ ಹೊತ್ತಿನಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ, ಅಮೆರಿಕದ ಕಥೆಗಾರ್ತಿ ಫ್ಲ್ಯಾನರಿ ಓಕಾನರ್ ಅವರ ಪತ್ರಗಳನ್ನು ಓದಲು ಹೋದದ್ದು. ಒಟ್ಟು ಐದು ಸಲ ಹೋದೆ. ಅದರಲ್ಲಿ ಒಂದು ಸಲ ಪೂರ್ತಿ ದಂಡ, ಇನ್ನೊಂದು ಅರ್ಧ ದಂಡ. ನಮ್ಮ ಕಡೆಯಿಂದ ಹೀಗೆ ಹೋಗುವ ಅಧ್ಯಾಪಕರು, ಸಂಶೋಧನಾ ವಿದ್ಯಾರ್ಥಿಗಳು ಇನ್ನೂ ಇದ್ದಾರು. ಅವರಿಗೆ ಆ ದಂಡವಾದರೂ ತಪ್ಪಲಿ ಎಂದು ಇಷ್ಟು ಬರೆಯುತ್ತಿದ್ದೇನೆ.

ಹಿನ್ನೆಲೆ ಹೇಳದಿದ್ದರೆ ಅರ್ಥವಾಗುವುದಿಲ್ಲ. ಹಾಸನ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ನಾನು ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ಫ್ಲ್ಯಾನರಿ ಓಕಾನರ್ ಅವರ 'ಎ ಗುಡ್ ಮ್ಯಾನ್ ಈಸ್ ಹಾರ್ಡ್ ಟು ಫೈಂಡ್' ಕಥೆಯನ್ನು ಹಲವು ವರ್ಷ ಕಲಿಸಿದ್ದೇನೆ. ಪ್ರವಾಸಕ್ಕೆ ಹೊರಟ ಕುಟುಂಬವೊಂದರ ಕಾರು ಮಣ್ಣು ದಾರಿಯಲ್ಲಿ ಮಗುಚಿಕೊಳ್ಳುತ್ತದೆ. ಜೈಲಿನಿಂದ ತಪ್ಪಿಸಿಕೊಂಡವನೊಬ್ಬ ಅಲ್ಲಿಗೆ ಬರುತ್ತಾನೆ. ಅಜ್ಜಿಯಿಂದ ಹಸುಗೂಸಿನವರೆಗೆ ಆರು ಜನರೂ ಗುಂಡಿಗೆ ಬಲಿಯಾಗುತ್ತಾರೆ. ಲೇಖಕಿ ನಿಷ್ಠಾವಂತ ಕ್ಯಾಥೊಲಿಕ್, ಕಥೆಯಲ್ಲಿರುವುದು ದೇವರ ಕೃಪೆ ಎಂದು ನಾನು ನೋಟ್ಸ್ ಬರೆಸಿದ ದಿನ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ಕೇಳಿದಳು: "ಮೇಡಂ, ಈಕೆ ದೈವಭಕ್ತೆ ಎನ್ನುತ್ತೀರಿ. ಮತ್ತೆ ಹಸುಗೂಸನ್ನೂ ಬಿಡದೆ ಕೊಲ್ಲಿಸಿದ್ದು ಏಕೆ?" ಗಂಟೆ ಹೊಡೆಯಿತು. ಮಾರನೆಯ ದಿನ ಉತ್ತರಿಸುತ್ತೇನೆ ಎಂದೆ. ಉತ್ತರಿಸಲಿಲ್ಲ.

ನಾನೂ ಕ್ಯಾಥೊಲಿಕಳೇ. ಹೇಮಾವತಿಯ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳುವ ಶೆಟ್ಟಿಹಳ್ಳಿ ಚರ್ಚಿನ ಆಸುಪಾಸಿನವರು ನಾವು. ಆದರೆ ನನ್ನ ಯಜಮಾನರು ಮೂರು ವರ್ಷ ಡಯಾಲಿಸಿಸ್‌ಗೆ ಅಲೆದು ತೀರಿಕೊಂಡ ಮೇಲೆ ಭಾನುವಾರದ ಬಲಿಪೂಜೆಗೆ, ಅಂದರೆ ಚರ್ಚಿನ ಆರಾಧನೆಗೆ, ಹೋಗುವುದು ತಾನಾಗಿ ನಿಂತುಹೋಗಿತ್ತು. ಯಾರ ಮೇಲೂ ಸಿಟ್ಟಿರಲಿಲ್ಲ. ಕಾಲು ಆ ಕಡೆಗೆ ಏಳುತ್ತಿರಲಿಲ್ಲ, ಅಷ್ಟೇ.

2025ರ ಫೆಬ್ರವರಿ ಕೊನೆಗೆ ಅಟ್ಲಾಂಟಾದಲ್ಲಿ ಇಳಿದೆ. ಮಗಳ ಮನೆ ಡಿಕೇಟರ್‌ನಲ್ಲಿ. ಆ ಮಾರ್ಚ್ 25ಕ್ಕೆ ಓಕಾನರ್ ಹುಟ್ಟಿ ನೂರು ವರ್ಷ ತುಂಬುತ್ತಿತ್ತು. ಅವರು ಹುಟ್ಟಿದ್ದು ಇದೇ ಜಾರ್ಜಿಯಾ ರಾಜ್ಯದ ಸವಾನಾದಲ್ಲಿ. ಬದುಕಿನ ಕೊನೆಯ ಹದಿಮೂರು ವರ್ಷ ಕಳೆದದ್ದು ಇಲ್ಲಿಂದ ಎರಡು ಗಂಟೆ ದಾರಿಯ ಮಿಲೆಡ್ಜ್‌ವಿಲ್‌ನಲ್ಲಿ. ಅಳಿಯ ಹಳೆ ಪುಸ್ತಕದಂಗಡಿಯಿಂದ ಅವರ ಪತ್ರಸಂಪುಟ 'ದಿ ಹ್ಯಾಬಿಟ್ ಆಫ್ ಬೀಯಿಂಗ್' ತಂದುಕೊಟ್ಟರು. ಗೆಳತಿ ಸ್ಯಾಲಿ ಫಿಟ್ಜ್‌ಜೆರಾಲ್ಡ್ ಸಂಪಾದಿಸಿ 1979ರಲ್ಲಿ ಬಂದ ದಪ್ಪ ಪುಸ್ತಕ. ರಾತ್ರಿ ಮಗು ಎದ್ದಾಗಲೆಲ್ಲ ತೊಟ್ಟಿಲು ತೂಗುತ್ತಾ ಓದಿದೆ.

ಪುಸ್ತಕದಲ್ಲಿ 'ಎ' ಎಂಬ ಒಂದೇ ಅಕ್ಷರದ ಹೆಸರಿಗೆ ಬರೆದ ಪತ್ರಗಳು ಎಲ್ಲಕ್ಕಿಂತ ಆಳವಾದವು. ಆ 'ಎ' ಯಾರೆಂದು ಬಹಳ ಕಾಲ ಲೋಕಕ್ಕೆ ಗೊತ್ತಿರಲಿಲ್ಲ. ಆಕೆ ಬೆಟ್ಟಿ ಹೆಸ್ಟರ್. ಅಟ್ಲಾಂಟಾದಲ್ಲೇ ಸಾಲದ ವಿವರ ಸಂಗ್ರಹಿಸುವ ಕಂಪನಿಯೊಂದರ ಗುಮಾಸ್ತೆ. ತನ್ನ ಬಳಿಯಿದ್ದ ಮೂಲ ಪತ್ರಗಳನ್ನು 1987ರಲ್ಲಿ ಎಮರಿ ವಿಶ್ವವಿದ್ಯಾಲಯಕ್ಕೆ ಕೊಟ್ಟು, ಇಪ್ಪತ್ತು ವರ್ಷ ತೆರೆಯಬಾರದು ಎಂಬ ಕರಾರು ಹಾಕಿದ್ದರು. 2007ರಲ್ಲಿ ತೆರೆದರು. ಎಮರಿ ನನ್ನ ಮಗಳ ಮನೆಯಿಂದ ಬಸ್ಸಿನ ದಾರಿ. ಇಷ್ಟು ತಿಳಿದ ಮೇಲೆ ಸುಮ್ಮನೆ ಕೂರಲು ಯಾರಿಂದ ಸಾಧ್ಯ?

ನಲವತ್ತು ದಿನ ಕಳೆದು, ಮಗಳು ತಾನೇ ಅನ್ನ ಬಡಿಸಿಕೊಳ್ಳುವಂತಾದ ಮೇಲೆ ಮೊದಲ ಸಲ ಹೊರಟೆ. ಬಸ್ಸಿಗೆ ಎರಡೂವರೆ ಡಾಲರ್. ಗ್ರಂಥಾಲಯವೆಂದರೆ ಹೋಗುವುದು, ಕೇಳುವುದು, ಓದುವುದು ಎಂಬ ನಮ್ಮೂರ ಧೈರ್ಯ. ವುಡ್‌ರಫ್ ಗ್ರಂಥಾಲಯದ ಹತ್ತನೇ ಮಹಡಿಯಲ್ಲಿರುವ ರೋಸ್ ಹಸ್ತಪ್ರತಿ ವಿಭಾಗಕ್ಕೆ ಹೋಗಿ "ಓಕಾನರ್ ಅವರ ಪತ್ರಗಳು ಬೇಕು" ಎಂದೆ. ಮೇಜಿನ ಹಿಂದಿದ್ದ ಹುಡುಗಿ ಬಹಳ ನಯವಾಗಿ "ಯಾವ ಸಂಗ್ರಹ, ಯಾವ ಪೆಟ್ಟಿಗೆ?" ಎಂದು ಕೇಳಿದಳು. ನಾನು ಪೆಚ್ಚಾದೆ. ಹಸ್ತಪ್ರತಿಗಳನ್ನು ಕಪಾಟಿನಿಂದ ಎತ್ತಿಕೊಡುವುದಿಲ್ಲ. ಮೊದಲೇ ನೋಂದಾಯಿಸಿಕೊಂಡು, ಸೂಚಿಪಟ್ಟಿ ನೋಡಿ, ಬೇಕಾದ ಪೆಟ್ಟಿಗೆಯನ್ನು ದಿನಗಳ ಮುಂಚೆ ಕೇಳಿಟ್ಟಿರಬೇಕು. ತಪ್ಪು ನನ್ನದೇ. ಕಿಟಕಿಯಿಂದ ಕಾಣುವ ಮರಗಳ ಹಸಿರನ್ನಷ್ಟು ನೋಡಿಕೊಂಡು ವಾಪಸ್ ಬಂದೆ. ಅಷ್ಟರಲ್ಲಿ ಮಗು ಅತ್ತೂ ಅತ್ತೂ ಮಲಗಿತ್ತು. ಮಗಳ ಮುಖ ನೋಡಲಾಗಲಿಲ್ಲ.

ಹೋಗುವವರು ಮನೆಯಲ್ಲೇ ಕುಳಿತು ಮಾಡಿಕೊಳ್ಳಬೇಕಾದ ಕೆಲಸ ಇದು: ಸೂಚಿಪಟ್ಟಿಯನ್ನು ಅಂತರ್ಜಾಲದಲ್ಲಿ ಸಾವಧಾನವಾಗಿ ಓದಿ. ಸಂಗ್ರಹದ ಹೆಸರು, ಪೆಟ್ಟಿಗೆ, ಫೋಲ್ಡರ್, ಮೂರನ್ನೂ ಬರೆದುಕೊಳ್ಳಿ. ಒಬ್ಬ ಲೇಖಕರ ಪತ್ರಗಳು ಒಂದೇ ಕಡೆ ಇರುತ್ತವೆ ಎಂದುಕೊಳ್ಳಬೇಡಿ. ಪತ್ರ ಇರುವುದು ಬರೆದವರ ಬಳಿ ಅಲ್ಲ, ಪಡೆದವರ ಬಳಿ. ಹೆಸ್ಟರ್ ಅವರ ಕಡತ ಬೇರೆ. ಕುಟುಂಬದವರ ಬಳಿಯಿದ್ದ ಕಾಗದಪತ್ರಗಳು 2014ರಲ್ಲಿ ಎಮರಿಗೆ ಬಂದವು, ಅದು ಬೇರೆ ಸಂಗ್ರಹ. ಕಥೆ ಕಾದಂಬರಿಗಳ ಹಸ್ತಪ್ರತಿಗಳಲ್ಲಿ ಬಹುಪಾಲು ಅವರು ಓದಿದ ಮಿಲೆಡ್ಜ್‌ವಿಲ್ ಕಾಲೇಜಿನಲ್ಲಿವೆ. ಇದು ತಿಳಿಯದೆ ನಾನು ಒಂದು ವಾರ ತಪ್ಪು ಪಟ್ಟಿಯಲ್ಲಿ ಹುಡುಕಿದೆ.

ಎರಡನೆಯ ಸಲ ಎಲ್ಲ ಸರಿಯಾಗಿದೆ ಎಂದುಕೊಂಡು ಹೋದರೆ ಹೆಸರಿನ ಕಾಟ. ನಮ್ಮಲ್ಲಿ ಅನೇಕರಂತೆ ನನ್ನ ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗ ಖಾಲಿ. ನೋಂದಣಿಯ ಅರ್ಜಿ ಕುಲನಾಮವಿಲ್ಲದೆ ಮುಂದೆ ಹೋಗುವುದಿಲ್ಲ. ಒಮ್ಮೆ ಇನಿಷಿಯಲ್ ಬಿಡಿಸಿ ತಂದೆಯ ಹೆಸರು ಹಾಕಿದ್ದೆ, ಇನ್ನೊಮ್ಮೆ ಯಜಮಾನರ ಹೆಸರು. ಹೀಗೆ ಇಬ್ಬರು ನಾನು ತಯಾರಾಗಿದ್ದೆವು. ಪೆಟ್ಟಿಗೆ ಒಬ್ಬಳ ಹೆಸರಿನಲ್ಲಿ, ಗುರುತಿನ ಚೀಟಿಗೆ ಹೊಂದುವವಳು ಇನ್ನೊಬ್ಬಳು. ಅದನ್ನು ಬಿಡಿಸಲು ಒಂದು ಗಂಟೆ ಹಿಡಿಯಿತು. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆಯೇ ಬರೆಯಿರಿ. ಕುಲನಾಮ ಇಲ್ಲದಿದ್ದರೆ ಮೊದಲೇ ಮಿಂಚಂಚೆಯಲ್ಲಿ ಕೇಳಿಕೊಳ್ಳಿ.

ಒಳಗೆ ಚೀಲ ಒಯ್ಯುವಂತಿಲ್ಲ, ಪೆನ್ನು ಇಲ್ಲ, ನೀರಿನ ಬಾಟಲಿ ಇಲ್ಲ. ಪೆನ್ಸಿಲ್ ಮಾತ್ರ. ಒಂದು ಸಲಕ್ಕೆ ಒಂದೇ ಫೋಲ್ಡರ್, ಹಾಳೆಗಳ ಕ್ರಮ ತಪ್ಪಬಾರದು. ಪರೀಕ್ಷಾ ಕೊಠಡಿಯಲ್ಲಿ ಮೂವತ್ತು ವರ್ಷ ಮೇಲ್ವಿಚಾರಣೆ ಮಾಡಿದವಳು ನಾನು. ಈಗ ನನ್ನನ್ನು ಒಬ್ಬರು ದೂರದಿಂದ ಗಮನಿಸುತ್ತಿದ್ದರು. ಓದುವ ಕನ್ನಡಕವನ್ನು ಹೊರಗಿನ ಲಾಕರಿನಲ್ಲೇ ಬಿಟ್ಟು ಎರಡು ಸಲ ಎದ್ದು ಹೋದೆ. ಅಲ್ಲಿ ತಣ್ಣಗಿರುತ್ತದೆ, ಸ್ವೆಟರ್ ಹಾಕಿಕೊಂಡೇ ಹೋಗಿ.

ಪೆಟ್ಟಿಗೆ ಬಂತು. ಪತ್ರಗಳು ಟೈಪ್ ಮಾಡಿದವು. ಕಾಗುಣಿತದ ತಪ್ಪುಗಳು ಧಾರಾಳ. ಓಕಾನರ್‌ಗೆ ಸ್ಪೆಲಿಂಗ್ ಬರುತ್ತಿರಲಿಲ್ಲ ಎಂದು ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ನೋಡಿದಾಗ ಜೀವನಪೂರ್ತಿ ಕೆಂಪು ಶಾಯಿ ಹಿಡಿದ ಕೈ ತುರಿಸಿತು. ಪೆನ್ನು ಒಳಗೆ ಬಿಡದಿರುವುದು ಒಳ್ಳೆಯದೇ ಆಯಿತು.

ಮೊದಲ ಪತ್ರ 1955ರ ಜುಲೈ 20ರದು. ಗುರುತು ಪರಿಚಯವಿಲ್ಲದ ಗುಮಾಸ್ತೆಯೊಬ್ಬಳು ಕಥೆಗಳನ್ನು ಓದಿ ಬರೆದದ್ದಕ್ಕೆ ಉತ್ತರ. ಇವು ದೇವರನ್ನು ಕುರಿತ ಕಥೆಗಳು ಎಂದು ಗುರುತಿಸಿದ ಒಬ್ಬರಾದರೂ ಸಿಕ್ಕಿದರಲ್ಲ ಎಂಬ ಸಂತೋಷ ಅದರ ತುಂಬ ಇದೆ. ಕ್ಯಾಥೊಲಿಕ್ ಧರ್ಮಸಭೆಗಾಗಿ ಎಷ್ಟು ನೋಯಬೇಕೋ ಧರ್ಮಸಭೆಯಿಂದಲೂ ಅಷ್ಟೇ ನೋಯಬೇಕಾಗುತ್ತದೆ ಎಂಬ ಮಾತೂ ಆ ಮೊದಲ ಪತ್ರದಲ್ಲೇ ಇದೆ. ಅಪರಿಚಿತರಿಗೆ ಬರೆಯುವ ಮೊದಲ ಕಾಗದದಲ್ಲಿ ನಾವಾದರೆ ಕ್ಷೇಮ ಸಮಾಚಾರ ಬರೆಯುತ್ತೇವೆ.

ಕ್ಷೇಮ ಸಮಾಚಾರಕ್ಕೆ ಅಲ್ಲಿ ಜಾಗವೂ ಇರಲಿಲ್ಲ. ಓಕಾನರ್ ಅವರ ತಂದೆ ದೇಹದ ರಕ್ಷಣಾ ಶಕ್ತಿಯೇ ದೇಹದ ಮೇಲೆ ತಿರುಗಿಬೀಳುವ ಲೂಪಸ್ ರೋಗದಿಂದ 1941ರಲ್ಲಿ ತೀರಿಕೊಂಡಿದ್ದರು. ಮಗಳಿಗೆ ಆಗ ಹದಿನೈದು. ಅದೇ ರೋಗ 1950ರ ಕೊನೆಗೆ ಮಗಳನ್ನೂ ಹಿಡಿಯಿತು. ತಾಯಿ ರೆಜೀನಾ ಅದನ್ನು ಸಂಧಿವಾತ ಎಂದು ಹೇಳಿಟ್ಟಿದ್ದರು. ನಿಜ ತಿಳಿದದ್ದು 1952ರಲ್ಲಿ, ಸ್ಯಾಲಿ ಫಿಟ್ಜ್‌ಜೆರಾಲ್ಡ್ ಬಾಯಿಂದ. ಬರಹಗಾರರ ನಡುವೆ ಬದುಕಬೇಕೆಂದು ಉತ್ತರದ ರಾಜ್ಯಗಳಿಗೆ ಹೋಗಿದ್ದ ಓಕಾನರ್ ತಾಯಿಯ ಹಸುಗಳ ಫಾರ್ಮಿಗೆ ಮರಳಿದರು. ಬೆಳಿಗ್ಗೆ ಮೂರು ಗಂಟೆ ಬರವಣಿಗೆ, ಉಳಿದ ದಿನವೆಲ್ಲ ಅದರಿಂದ ಸುಧಾರಿಸಿಕೊಳ್ಳುವುದು. 1955ರ ಹೊತ್ತಿಗೆ ಊರುಗೋಲು ಬಂತು. ಪತ್ರಗಳಲ್ಲಿ ಈ ರೋಗದ ಬಗ್ಗೆ ಗೋಳು ಎಲ್ಲೂ ಇಲ್ಲ. ಊರುಗೋಲಿನ ಮೇಲೆ ತಮಾಷೆ ಇದೆ, ನವಿಲು, ಬಾತುಕೋಳಿ, ಕೆಲಸದವರ ಜಗಳ, ತಾಯಿಯ ಮಾತು ಇವೆ. ಆದರೆ 1956ರ ಜೂನ್‌ನ ಒಂದು ಪತ್ರದಲ್ಲಿ ಕಾಯಿಲೆ ಎನ್ನುವುದೇ ಒಂದು ಊರು, ಅಲ್ಲಿಗೆ ಯಾರೂ ಜೊತೆಗೆ ಬರಲಾರರು ಎಂಬ ಅರ್ಥದ ಮಾತು ಬರುತ್ತದೆ. ಅಲ್ಲಿ ನಾನು ಪೆನ್ಸಿಲ್ ಕೆಳಗಿಟ್ಟೆ. ಡಯಾಲಿಸಿಸ್ ಕೋಣೆಯ ಗಾಜಿನ ಈಚೆ ಮೂರು ವರ್ಷ ಕುಳಿತವಳಿಗೆ ಅದನ್ನು ವಿವರಿಸಬೇಕಾಗಿಲ್ಲ. ಜೊತೆಗೆ ಹೋಗಲಿಲ್ಲವಲ್ಲ ಎಂಬ ಕೊರಗು ನನ್ನಲ್ಲಿತ್ತು. ಅದು ಹೋಗಲು ಆಗದ ಊರು ಎಂದು ಒಳಗಿದ್ದವರೊಬ್ಬರು ಹೇಳಿದ್ದನ್ನು ಕೇಳಿದ್ದು ಅದೇ ಮೊದಲು.

ಮೂರನೆಯ ಸಲ 1955ರ ಡಿಸೆಂಬರ್‌ನ ಪ್ರಸಿದ್ಧ ಪತ್ರ. ನ್ಯೂಯಾರ್ಕಿನ ಊಟದ ಕೂಟವೊಂದರಲ್ಲಿ ಮೇರಿ ಮೆಕಾರ್ಥಿ ಎಂಬ ಲೇಖಕಿ, ಕ್ರಿಸ್ತನ ದೇಹವೆಂದೇ ಕ್ಯಾಥೊಲಿಕರು ನಂಬಿ ಸ್ವೀಕರಿಸುವ ಪರಮಪ್ರಸಾದ ಒಂದು ಸಂಕೇತ, ಒಳ್ಳೆಯ ಸಂಕೇತ ಎಂದಾಗ, ಸಂಜೆಯಿಡೀ ಬಾಯಿ ಬಿಡದಿದ್ದ ಓಕಾನರ್ ನಡುಗುವ ದನಿಯಲ್ಲಿ, "ಬರೀ ಸಂಕೇತವಾದರೆ ಅದು ಹಾಳಾಗಿ ಹೋಗಲಿ" ಎಂದುಬಿಟ್ಟರಂತೆ. ಈ ಮಾತನ್ನು ಉಪದೇಶಗಳಲ್ಲಿ ವೀರಾವೇಶದಿಂದ ಹೇಳುವವರನ್ನು ಕೇಳಿದ್ದೇನೆ. ಪತ್ರದಲ್ಲಿ ಓದಿದರೆ ವೀರಾವೇಶವಿಲ್ಲ. ದೊಡ್ಡವರ ಪಂಕ್ತಿಯಲ್ಲಿ ಮುದುಡಿ ಕುಳಿತ ಹಳ್ಳಿಯ ಹುಡುಗಿಯ ಪೇಚಾಟವಿದೆ, ಅದಕ್ಕಿಂತ ಹೆಚ್ಚಿಗೆ ಹೇಳಲು ತನಗೆ ಬರುವುದಿಲ್ಲ ಎಂಬ ಒಪ್ಪಿಗೆಯಿದೆ. ಪ್ರತಿ ರಾತ್ರಿ ಮಲಗುವ ಮುಂಚೆ ಇಪ್ಪತ್ತು ನಿಮಿಷ ಮಧ್ಯಯುಗದ ಕ್ಯಾಥೊಲಿಕ್ ತತ್ವಜ್ಞಾನಿ ಸಂತ ಥಾಮಸ್ ಅಕ್ವಿನಾಸರ ಗ್ರಂಥ ಓದುತ್ತಿದ್ದರಂತೆ. ತಾಯಿ ಬಂದು ದೀಪ ಆರಿಸು ಎಂದರೆ, ಅಕ್ವಿನಾಸರ ತರ್ಕದ ಧಾಟಿಯಲ್ಲೇ ಬೆರಳೆತ್ತಿ, ಬೆಳಕು ಅನಂತವಾದ್ದರಿಂದ ಅದನ್ನು ಆರಿಸಲಾಗದು, ನೀವೇ ಕಣ್ಣು ಮುಚ್ಚಿಕೊಳ್ಳಿ ಎಂದು ಉತ್ತರಿಸಬಹುದು ಎಂದು ಹೆಸ್ಟರ್‌ಗೆ ಬರೆಯುತ್ತಾರೆ. ನಕ್ಕುಬಿಟ್ಟೆ. ಪಕ್ಕದ ಮೇಜಿನ ಯುವಕ ತಲೆಯೆತ್ತಿ ನೋಡಿದ.

ಆಮೇಲಿನದು ನಗುವ ವಿಷಯವಲ್ಲ. 1956ರ ಅಕ್ಟೋಬರ್‌ನಲ್ಲಿ ಹೆಸ್ಟರ್ ತನ್ನ ಬದುಕಿನ ಒಂದು ಗುಟ್ಟನ್ನು ಬರೆದರು: ಇನ್ನೊಬ್ಬ ಹೆಣ್ಣಿನೊಂದಿಗಿನ ಸಂಬಂಧದ ಕಾರಣ ತನ್ನನ್ನು ಸೇನೆಯಿಂದ ಅವಮಾನಿಸಿ ಹೊರಹಾಕಲಾಗಿತ್ತು, ಇದು ತಿಳಿದ ಮೇಲೆ ಸ್ನೇಹ ಬೇಡವೆನಿಸಿದರೆ ಸರಿ, ಎಂದು. ಓಕಾನರ್ ಉತ್ತರ ಅಕ್ಟೋಬರ್ 31ರದು. ಇದರಿಂದ ನಿಮ್ಮ ಬಗೆಗಿನ ನನ್ನ ಅಭಿಪ್ರಾಯ ಎಳ್ಳಷ್ಟೂ ಬದಲಾಗದು ಎಂಬುದನ್ನು ತಿಳಿಸಲು ತಮ್ಮ ಕೈ ಸಾಕಷ್ಟು ಬೇಗ ಓಡುತ್ತಿಲ್ಲ ಎಂಬ ಅವಸರ ಅದರಲ್ಲಿದೆ. ಇದು 1979ರ ಪುಸ್ತಕದಲ್ಲಿ ಇಲ್ಲ. ಹೆಸ್ಟರ್ ಅದೇ ವರ್ಷ ಕ್ಯಾಥೊಲಿಕ್ ಆಗಿದ್ದರು. 1961ರಲ್ಲಿ ಧರ್ಮಸಭೆ ಬಿಟ್ಟರು. ಆ ಸುದ್ದಿಗಿಂತ ನೋವಿನದು ಬೇರೆ ಇಲ್ಲ ಎನ್ನುತ್ತಲೇ, ಒಳಗಿದ್ದಾಗ ಎಷ್ಟು ಗೌರವವೋ ಹೊರಗಿರುವಾಗಲೂ ಅಷ್ಟೇ ಎಂದು ಓಕಾನರ್ ಬರೆಯುತ್ತಾರೆ. ಪತ್ರಗಳು ನಿಲ್ಲಲಿಲ್ಲ, ಸಾಯುವವರೆಗೂ. ನಮ್ಮ ಧರ್ಮಕೇಂದ್ರದಲ್ಲಿ ಬಲಿಪೂಜೆಗೆ ಬರುವುದನ್ನು ಬಿಟ್ಟವರ ಮನೆಗೆ ಮೊದಲು ನಿಲ್ಲುವುದು ಕ್ರಿಸ್‌ಮಸ್‌ನ ಕಜ್ಜಾಯ.

ಪೆಟ್ಟಿಗೆಯ ಮುಂದೆ ಕುಳಿತು ಓದಿದಾಗ ಪುಸ್ತಕದಲ್ಲಿ ಕಾಣದ ಒಂದು ಸಂಗತಿ ಕಂಡಿತು. ಓಕಾನರ್ ದೇವರ ಮೇಲಿನ ವಿಶ್ವಾಸದ ಬಗ್ಗೆ ತಾವಾಗಿ ಎಲ್ಲೂ ಭಾಷಣ ಶುರುಮಾಡುವುದಿಲ್ಲ. ಎಲ್ಲವೂ ಯಾರೋ ಕೇಳಿದ್ದಕ್ಕೆ ಉತ್ತರ. ಹೆಸ್ಟರ್‌ಗೆ ವಾದದ ದನಿ. ಕಾದಂಬರಿಕಾರ ಜಾನ್ ಹಾಕ್ಸ್‌ಗೆ ಕಸುಬಿನ ದನಿ. ನಾಟಕಕಾರ್ತಿ ಮೇರಿಯಟ್ ಲೀಗೆ ಕೀಟಲೆ. ಸಂಪುಟದಲ್ಲಿ ಎಲ್ಲರ ಪತ್ರಗಳೂ ದಿನಾಂಕದ ಪ್ರಕಾರ ಬೆರೆತು ಒಬ್ಬ ಜ್ಞಾನಿಯ ಮಾತಿನಂತೆ ಕೇಳಿಸುತ್ತವೆ. ಒಬ್ಬರೇ ಪಡೆದ ಕಟ್ಟನ್ನು ಬಿಡಿಸಿ ಓದಿದರೆ ಎದುರಿನವರ ಕೇಳದ ದನಿಯೂ ಕೇಳಿಸುತ್ತದೆ. ಸಮಯವಿದ್ದವರು ದಯವಿಟ್ಟು ಹಾಗೆ ಓದಿ: ಒಬ್ಬರಿಗೆ ಬರೆದದ್ದನ್ನು ಮೊದಲಿಂದ ಕೊನೆಯವರೆಗೆ.

ಅದೇ ಎಮರಿಯಲ್ಲಿ 1962ರಲ್ಲಿ ಓಕಾನರ್ ಭಾಷಣ ಮಾಡಿದಾಗ ಕೇಳಿದ ಮೊದಲ ವರ್ಷದ ವಿದ್ಯಾರ್ಥಿಯೊಬ್ಬ, ಮುಂದೆ ಕವಿಯಾಗಿ ಹೆಸರಾದ ಆಲ್ಫ್ರೆಡ್ ಕಾರ್ನ್, ಎದುರು ಬಂದು ಮಾತಾಡಲು ಸಂಕೋಚಪಟ್ಟು ಪತ್ರ ಬರೆದ: ನನ್ನ ವಿಶ್ವಾಸ ಹೊರಟುಹೋಗುತ್ತಿದೆ ಎಂದು. ಆ ಉತ್ತರ ಪುಸ್ತಕದಲ್ಲಿದೆ. ಮಧ್ಯಾಹ್ನದ ಬಿಡುವಿನಲ್ಲಿ, ಡಬ್ಬಿಯ ಚಿತ್ರಾನ್ನ ತಿಂದು ಕಲ್ಲುಬೆಂಚಿನ ಮೇಲೆ ಕುಳಿತು ಅದನ್ನು ಮತ್ತೆ ಓದಿದೆ. ಕಳೆದುಹೋಯಿತು ಎಂಬ ಈ ಅನುಭವವೂ ವಿಶ್ವಾಸದ ಒಳಗಿನದೇ ಎನ್ನುತ್ತಾರೆ. ಇಂಗ್ಲಿಷ್ ಕವಿ ಹಾಪ್ಕಿನ್ಸ್‌ನನ್ನು ಅವನ ಗೆಳೆಯ, ವಿಶ್ವಾಸ ಬರಲು ಏನು ಮಾಡಬೇಕು ಎಂದು ಕೇಳಿದ್ದಕ್ಕೆ ಅವನು ಕೊಟ್ಟ ಉತ್ತರವನ್ನು ನೆನಪಿಸುತ್ತಾರೆ: "ದಾನ ಮಾಡು." ಅಷ್ಟೇ. ಪುಸ್ತಕದ ಪಟ್ಟಿ ಕೊಟ್ಟಿದ್ದಾರೆ, ಪ್ರಾರ್ಥನೆಯ ಮಾತು ಇದೆ, ಆದರೆ ನನಗೆ ಹಿಡಿದದ್ದು ಆ ಎರಡು ಪದ. ಆ ಭಾನುವಾರ ಡಿಕೇಟರ್‌ನ ಚರ್ಚಿಗೆ ಹೋದೆನೇ ಎಂದು ಕೇಳಬೇಡಿ. ಹೋಗಲಿಲ್ಲ. ಮಗುವಿಗೆ ಲಸಿಕೆಯ ಜ್ವರ.

ಅಧ್ಯಾಪಕರಿಗೆ ಒಂದು ಎಚ್ಚರಿಕೆ: 1961ರ ಮಾರ್ಚ್‌ನಲ್ಲಿ ಒಬ್ಬ ಇಂಗ್ಲಿಷ್ ಪ್ರಾಧ್ಯಾಪಕರಿಗೆ ಬರೆದ ಪತ್ರವನ್ನು ಓದುವ ಮುಂಚೆ ಗಟ್ಟಿಯಾಗಿ ಕುಳಿತುಕೊಳ್ಳಿ. ಮೂವರು ಅಧ್ಯಾಪಕರು, ತೊಂಬತ್ತು ವಿದ್ಯಾರ್ಥಿಗಳು ಸೇರಿ ಚರ್ಚಿಸಿ, ನಾನು ಪಾಠ ಮಾಡುತ್ತಿದ್ದ ಆ ಕಥೆಯ ಕೊಲೆಗಡುಕ ಬಂದದ್ದೆಲ್ಲ ಒಂದು ಕನಸು ಎಂದು ತೀರ್ಮಾನಿಸಿದ್ದರು. ಓಕಾನರ್ ಉತ್ತರದಲ್ಲಿ ಅವರೆಲ್ಲರನ್ನೂ ಬಿಸಿನೀರಿಗೆ ಅದ್ದಿ ತೆಗೆದಿದ್ದಾರೆ. ಹಿಂದಿನ ಬೆಂಚಿನ ಹುಡುಗಿಯ ಪ್ರಶ್ನೆಗೆ ಉತ್ತರ ಹಾಕ್ಸ್‌ಗೆ ಬರೆದ ಪತ್ರಗಳಲ್ಲಿತ್ತು. ಕೊನೆಯ ಗಳಿಗೆಯಲ್ಲಿ ಅಜ್ಜಿ ಕೊಲೆಗಾರನನ್ನು ತನ್ನ ಮಕ್ಕಳಲ್ಲೊಬ್ಬನೆಂದು ಕರೆದು ಕೈಚಾಚಿ ಮುಟ್ಟುತ್ತಾಳಲ್ಲ, ಅದು ಕೃಪೆ ಅವಳ ಮೂಲಕ ಅವನನ್ನು ಮುಟ್ಟಿದ ಕ್ಷಣ. ಅದಕ್ಕೇ ಅವನು ಹಾವು ಕಚ್ಚಿದವನಂತೆ ಹಿಂದೆ ನೆಗೆದು ಗುಂಡು ಹಾರಿಸುತ್ತಾನೆ. ಕೃಪೆ ಹಿತವಾಗಿರುತ್ತದೆ ಎಂದು ಅವರು ಎಲ್ಲೂ ಒಪ್ಪುವುದಿಲ್ಲ. ವಿಶ್ವಾಸವನ್ನು ಜನ ವಿದ್ಯುತ್ ಕಂಬಳಿ ಎಂದುಕೊಂಡಿದ್ದಾರೆ, ಅದು ಶಿಲುಬೆ, ಎಂದು 1959ರಲ್ಲಿ ಒಬ್ಬರಿಗೆ ಬರೆದಿದ್ದಾರೆ. ವಿದ್ಯುತ್ ಕಂಬಳಿ ಎಂದರೇನೆಂದು ಮಗಳ ಮನೆಯಲ್ಲಿ ಮಲಗುವವರೆಗೆ ನನಗೆ ಗೊತ್ತಿರಲಿಲ್ಲ. ಬಹಳ ಸುಖ ಅದು. ಮಾತಿನ ಪೆಟ್ಟು ಆಗ ತಿಳಿಯಿತು.

ಇಷ್ಟು ಹೇಳಿ ಇನ್ನೊಂದನ್ನು ಮುಚ್ಚಿಟ್ಟರೆ ಅಪ್ರಾಮಾಣಿಕತೆಯಾದೀತು. ಕಪ್ಪು ಜನರ ವಿಷಯದಲ್ಲಿ ಓಕಾನರ್ ಖಾಸಗಿ ಪತ್ರಗಳಲ್ಲಿ ಬಳಸಿದ ಭಾಷೆ ಓದಿದರೆ ಮೈ ಉರಿಯುತ್ತದೆ. 1959ರಲ್ಲಿ ಮೇರಿಯಟ್ ಲೀ, ಕಪ್ಪು ಲೇಖಕ ಜೇಮ್ಸ್ ಬಾಲ್ಡ್‌ವಿನ್ ಅವರನ್ನು ಭೇಟಿಯಾಗುತ್ತೀರಾ ಎಂದು ಕೇಳಿದರೆ, ಜಾರ್ಜಿಯಾದಲ್ಲಿ ಸಾಧ್ಯವಿಲ್ಲ, ನಾನು ಯಾವ ಸಮಾಜದ ಅನ್ನ ತಿನ್ನುತ್ತೇನೋ ಅದರ ಸಂಪ್ರದಾಯ ಪಾಲಿಸುತ್ತೇನೆ ಎಂಬ ಉತ್ತರ. 1964ರ ಮೇನಲ್ಲಿ ಅದೇ ಗೆಳತಿಗೆ ಬರೆದದ್ದು ಇನ್ನೂ ಕಹಿ. ಇಂಥವು ಹೆಚ್ಚು ಚರ್ಚೆಗೆ ಬಂದ ಮೇಲೆ 2020ರಲ್ಲಿ ಮೇರಿಲ್ಯಾಂಡಿನ ಲೊಯೋಲಾ ವಿಶ್ವವಿದ್ಯಾಲಯ ವಿದ್ಯಾರ್ಥಿನಿಲಯವೊಂದಕ್ಕಿದ್ದ ಅವರ ಹೆಸರನ್ನು ತೆಗೆಯಿತು. ಕಥೆಗಳಲ್ಲಿ ಬಿಳಿಯರ ಅಹಂಕಾರವನ್ನು ಅಷ್ಟು ನಿರ್ದಯವಾಗಿ ಬಯಲಿಗೆಳೆದ ಕೈಯೇ ಇದನ್ನೂ ಬರೆದದ್ದು. ಆ ಕಾಲವೇ ಹಾಗಿತ್ತು ಎಂದು ನಾನು ಸಮಾಧಾನ ಹೇಳಿಕೊಳ್ಳಲಾರೆ; ಬೇರೆ ರೀತಿ ಯೋಚಿಸಿದ ಗೆಳತಿ ಅದೇ ಕಾಲದಲ್ಲಿ, ಅದೇ ಲಕೋಟೆಯ ಇನ್ನೊಂದು ತುದಿಯಲ್ಲಿದ್ದರು. ಹಾಗೆಂದು ಕಲ್ಲೆತ್ತಲೂ ಕೈ ಬರಲಿಲ್ಲ. ನನ್ನ ಬಾಲ್ಯದ ಚರ್ಚಿನಲ್ಲಿ ಯಾರು ಮುಂದೆ, ಯಾರು ಬಾಗಿಲ ಬಳಿ ಕೂರುತ್ತಾರೆ ಎಂಬುದಕ್ಕೆ ಯಾರೂ ಬರೆದಿಡದ ನಿಯಮವಿತ್ತು. ಅದರ ಅನ್ನವನ್ನು ನಾನೂ ತಿಂದಿದ್ದೇನೆ.

ನಾಲ್ಕನೆಯ ಸಲ ಮತ್ತು ಐದನೆಯ ಸಲ ಬರೀ ನಕಲು ಮಾಡಿಕೊಂಡೆ. ಖರ್ಚಿನ ಲೆಕ್ಕ ಕೇಳುವವರಿಗೆ: ಓದುವುದಕ್ಕೆ ನಾನು ಏನೂ ಶುಲ್ಕ ಕೊಡಲಿಲ್ಲ, ಹೋಗಿಬರುವ ಬಸ್ಸಿಗೆ ದಿನಕ್ಕೆ ಐದು ಡಾಲರ್, ನಿಜವಾದ ಖರ್ಚು ಸಮಯದ್ದು. ಮಗು ಎರಡು ಸಲ ಹಾಲು ಕುಡಿಯುವುದರ ನಡುವೆ ಎಷ್ಟು ಪುಟ ಓದಬಹುದು ಎಂಬುದೇ ನನ್ನ ಗಡಿಯಾರ.

ಜೂನ್‌ನಲ್ಲಿ ಒಂದು ಶನಿವಾರ ಅಳಿಯ ಎಲ್ಲರನ್ನೂ ಮಿಲೆಡ್ಜ್‌ವಿಲ್‌ಗೆ ಕರೆದೊಯ್ದರು. ಆಂಡಲೂಸಿಯಾ ಎಂಬ ಆ ಫಾರ್ಮು ಊರಿಂದ ನಾಲ್ಕು ಮೈಲಿ. ಮೆಟ್ಟಿಲು ಹತ್ತಲಾಗದ್ದರಿಂದ ಕೆಳಗಿನ ಮುಂಭಾಗದ ಕೋಣೆಯೇ ಮಲಗುವ, ಬರೆಯುವ ಜಾಗ. ಊರುಗೋಲು ಅಲ್ಲೇ ಇದೆ. ಬಾಗಿಲಲ್ಲಿ ನಿಂತು ನೋಡಿದೆ. ನಮ್ಮ ಯಜಮಾನರ ಕೊನೆಯ ಕೋಣೆ ಇದಕ್ಕಿಂತ ದೊಡ್ಡದಿತ್ತು. ನವಿಲುಗಳನ್ನು ಓಕಾನರ್ ಫ್ಲಾರಿಡಾದಿಂದ ರೈಲಿನಲ್ಲಿ ಪೆಟ್ಟಿಗೆಯೊಳಗೆ ತರಿಸಿದ್ದರಂತೆ. ಮುಂದೆ ಅವು ನಲವತ್ತರಷ್ಟಾದವು. ತಾಯಿಯ ಹೂಗಿಡಗಳನ್ನು ತಿಂದು ಬೈಸಿಕೊಳ್ಳುತ್ತಿದ್ದವು. ನಮ್ಮ ಹೊಲಗಳಲ್ಲಿ ರಾಗಿ ಮೇಯುವಾಗ ನಾವು ಡಬ್ಬ ಬಡಿದು ಓಡಿಸುವ ಹಕ್ಕಿ ಅದು. ಅವರು ಅದರ ಗರಿಗಳನ್ನು ಗೆಳೆಯರಿಗೆ ಕಳಿಸುತ್ತಿದ್ದರು.

ಈಗ ಕಾನೂನಿನ ಮಾತು. ಹತ್ತು ಪತ್ರಗಳನ್ನಾದರೂ ಕನ್ನಡಕ್ಕೆ ತರಬೇಕೆಂಬ ಆಸೆಯಿತ್ತು. ಗ್ರಂಥಾಲಯದ್ದು ಕಾಗದ ಮಾತ್ರ, ಅದರ ಮೇಲಿನ ಮಾತುಗಳ ಹಕ್ಕು ಲೇಖಕಿಯ ವಾರಸುದಾರರದು. ಅನುಮತಿ ಕೇಳಿ ಬರೆದೆ. ಏಳು ವಾರ ಕಾದ ಮೇಲೆ ಉತ್ತರ ಬಂತು: ಪ್ರಕಾಶಕರು ಯಾರು, ಎಷ್ಟು ಪ್ರತಿ, ಯಾವ ಪತ್ರದ ಯಾವ ಭಾಗ? ನನ್ನ ಬಳಿ ಪ್ರಕಾಶಕರೇ ಇರಲಿಲ್ಲ. ಹಾಗಾಗಿ ಈ ಬರಹದಲ್ಲಿ ಪತ್ರಗಳ ತಾತ್ಪರ್ಯವಿದೆ, ಉದ್ದನೆಯ ಅನುವಾದವಿಲ್ಲ. ಬೆಂಗಳೂರಿನ ಪರಿಚಿತ ವಕೀಲರೊಬ್ಬರು ಹೇಳಿದ್ದನ್ನು ಅನುವಾದಕರಿಗಾಗಿ ದಾಖಲಿಸುತ್ತೇನೆ: ಭಾರತದಲ್ಲಿ ಲೇಖಕರು ತೀರಿಕೊಂಡ ವರ್ಷದಿಂದ ಅರವತ್ತು ವರ್ಷ ಹಕ್ಕು ಉಳಿಯುತ್ತದೆ. ಓಕಾನರ್ ತೀರಿಕೊಂಡದ್ದು 1964ರಲ್ಲಿ. ಆದ್ದರಿಂದ ಅವರು ಬದುಕಿದ್ದಾಗ ಪ್ರಕಟವಾದ ಕಥೆಗಳು 2025ರ ಜನವರಿ 1ರಿಂದ ಇಲ್ಲಿ ಮುಕ್ತ. ಪತ್ರಗಳದು ಬೇರೆ ಲೆಕ್ಕ. ಸತ್ತ ಮೇಲೆ ಪ್ರಕಟವಾದದ್ದಕ್ಕೆ ಪ್ರಕಟಣೆಯ ವರ್ಷದಿಂದ ಅರವತ್ತು ಎಣಿಸಬೇಕು. 1979ರ ಸಂಪುಟಕ್ಕೆ 2039ರ ಕೊನೆಯವರೆಗೆ ಕಾಯಬೇಕು. ನಾನು ಕಾಯಲಾರೆ, ನೀವು ಯಾರಾದರೂ ಕಾಯಿರಿ. ಅಥವಾ ಮೊದಲು ಪ್ರಕಾಶಕರನ್ನು ಹಿಡಿದು, ಆಮೇಲೆ ಅನುಮತಿ ಕೇಳಿ. ನಾನು ಮಾಡಿದ್ದು ತಿರುಗುಮುರುಗು.

ಕೊನೆಯ ದಿನಗಳ ಪತ್ರಗಳನ್ನು ಮನೆಯಲ್ಲೇ, ಪುಸ್ತಕದಲ್ಲೇ ಓದಿದೆ. 1964ರ ಫೆಬ್ರವರಿಯಲ್ಲಿ ಗಡ್ಡೆಯೊಂದರ ಶಸ್ತ್ರಚಿಕಿತ್ಸೆ; ಅದು ಮಲಗಿದ್ದ ಲೂಪಸ್ ಅನ್ನು ಎಬ್ಬಿಸಿತು. ಆಸ್ಪತ್ರೆಯಲ್ಲಿ ಬರೆಯಬೇಡಿ ಎಂದರೆ ಹಾಳೆಗಳನ್ನು ದಿಂಬಿನಡಿ ಅಡಗಿಸಿ ಬರೆಯುತ್ತಿದ್ದರು. ಕೊನೆಯ ಪತ್ರ ಜುಲೈ 28ರದು, ಮೇರಿಯಟ್ ಲೀಗೆ. ಅದರಲ್ಲಿ ದೇವರಿಲ್ಲ, ಮರಣವಿಲ್ಲ. ಗೆಳತಿಗೆ ಯಾರೋ ಅನಾಮಿಕರು ಫೋನು ಮಾಡಿ ಹೆದರಿಸಿದ್ದರು. ಹುಷಾರಾಗಿರು, ಪೊಲೀಸರಿಗೆ ತಿಳಿಸು ಎಂಬ ಕಾಳಜಿ ಇದೆ. ಕೆಳಗೆ ತಮ್ಮಿಬ್ಬರ ತಮಾಷೆಯ ಹೆಸರಿನಲ್ಲಿ ಸಹಿ: ಟಾರ್‌ಫಂಕ್. ಕೈಬರಹ ಓದಲು ಬಾರದಷ್ಟು ನಡುಗಿತ್ತಂತೆ. ಆಗಸ್ಟ್ 3ರಂದು ತೀರಿಕೊಂಡರು, ಮೂವತ್ತೊಂಬತ್ತನೆಯ ವಯಸ್ಸಿಗೆ. ಹಾಸಿಗೆ ಪಕ್ಕದ ಮೇಜಿನ ಮೇಲೆ ಸಿಕ್ಕಿದ ಆ ಪತ್ರವನ್ನು ಆಮೇಲೆ ಅಂಚೆಗೆ ಹಾಕಿದರು.

ಆಗಸ್ಟ್ ಮಧ್ಯದಲ್ಲಿ ಊರಿಗೆ ಬಂದೆ. ಹಿಂದಿನ ಬೆಂಚಿನ ಆ ಹುಡುಗಿ ಈಗ ಅರಸೀಕೆರೆ ಕಡೆ ಪ್ರೌಢಶಾಲೆಯ ಶಿಕ್ಷಕಿ. ಇಬ್ಬರು ಮೂವರನ್ನು ವಿಚಾರಿಸಿ ನಂಬರು ಸಂಪಾದಿಸಿ ಫೋನು ಮಾಡಿದೆ. ಅವಳ ಪ್ರಶ್ನೆ ನೆನಪಿಸಿ, ಉತ್ತರ ಸಿಕ್ಕಿದೆ ಎಂದು ಹದಿನೈದು ನಿಮಿಷ ಒಂದೇ ಸಮನೆ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ.

"ನಾನು ಹಾಗೆ ಕೇಳಿದ್ದೆನೇ ಮೇಡಂ? ನೆನಪೇ ಇಲ್ಲ" ಎಂದಳು. ಆಮೇಲೆ, "ಆ ಕಥೆಯಲ್ಲಿ ಒಂದು ಬೆಕ್ಕು ಇತ್ತಲ್ಲವೇ? ಅದಕ್ಕೆ ಏನಾಯಿತು?" ಎಂದು ಕೇಳಿದಳು.

"ಬೆಕ್ಕು ಬದುಕುತ್ತದೆ" ಎಂದೆ.